ಮಾವ ತಂದ ಬಿಯರು

ನಮ್ಮ ಸೇಂಟ್ ಓಡಿಲೋ ಊರಿನಲ್ಲಿ ಜನ ಆಲಿಕಲ್ಲು ಮಳೆಗೆ ಹೆದರುತ್ತಿರಲಿಲ್ಲ, ಜನವರಿಯ ಹಿಮಕ್ಕೆ ಹೆದರುತ್ತಿರಲಿಲ್ಲ, ಪಾದ್ರಿಗಂತೂ ಯಾವ ಕಾಲಕ್ಕೂ ಹೆದರಿದವರಲ್ಲ. ಅವರು ಹೆದರುತ್ತಿದ್ದದ್ದು ಸಿಲ್ವೆಸ್ಟರ್ ಬ್ರಿಂಕ್ ಕೊಡಿಸುವ ಬಿಯರಿಗೆ.

ಸಿಲ್ವೆಸ್ಟರ್ ಹೈನಿನ ರೈತ, ನಮ್ಮೂರ ಬೇಸ್‌ಬಾಲ್ ತಂಡದ ಮ್ಯಾನೇಜರು. ಅವನಿಗಿಂತ ಮುಂಚೆ ಆ ಕೆಲಸ ಮಾಡಿದವನ ಹೆಸರು ಬಲ್ಲವರೆಲ್ಲ ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದ್ದರು. ಹಸುಗಳ ಜೊತೆ ಮಾತಾಡಿದಷ್ಟು ಮನುಷ್ಯರ ಜೊತೆ ಮಾತಾಡಿದವನಲ್ಲ. ಯಾರಿಗೂ ಒಂದು ಲೋಟ ನೀರನ್ನೂ ಕೊಡಿಸಿದವನಲ್ಲ. ಆದರೆ ಪ್ರತಿ ಬೇಸಿಗೆಯ ಆಟಗಳು ಮುಗಿದ ಮೇಲೆ ಬರುವ ಮೊದಲ ಶುಕ್ರವಾರ, ಊರಿಗೆ ಊರೇ ಬರ್ನಿಸಳ ಪಡಖಾನೆಯಲ್ಲಿ ಕರಿದ ಮೀನು ತಿನ್ನಲು ಸೇರಿದ್ದಾಗ, ಅವನು ಕಟ್ಟೆಯ ಹತ್ತಿರ ಹೋಗಿ ಎರಡು ಲೋಟ ಬಿಯರು ತುಂಬಿಸಿಕೊಳ್ಳುತ್ತಿದ್ದ. ಒಂದು ಅವನಿಗೆ. ಇನ್ನೊಂದನ್ನು ಹಿಡಿದುಕೊಂಡು ಮೇಜುಗಳ ನಡುವೆ ನಿಧಾನವಾಗಿ ನಡೆದು ಬಂದು ಯಾವನಾದರೂ ಒಬ್ಬ ಆಟಗಾರನ ಮುಂದೆ ಇಡುತ್ತಿದ್ದ. “ಕುಡಿ” ಎನ್ನುತ್ತಿದ್ದ. ಅಷ್ಟೇ. ಕುಡಿದವನು ಮುಂದಿನ ವಸಂತಕ್ಕೆ ಮೈದಾನಕ್ಕೆ ಬರಬೇಕಾಗಿಲ್ಲ ಎಂದು ಅರ್ಥ.

ಆ ನಡಿಗೆಯ ಹೊತ್ತಿನಲ್ಲಿ ಪಡಖಾನೆಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಹೊಲದಲ್ಲಿ ಟ್ರಾಕ್ಟರು ಮಗುಚಿ ಬಿದ್ದರೂ ಅಲುಗದ ಗಂಡಸರು ತಟ್ಟೆಯ ಮೀನಿನಲ್ಲಿ ಇಲ್ಲದ ಮುಳ್ಳು ಹುಡುಕುತ್ತಾ ಕೂತಿರುತ್ತಿದ್ದರು.

ಒಮ್ಮೆ ನಾವು ಮಿನ್ನೆಸೋಟಾ ರಾಜ್ಯದ ಪಂದ್ಯಾವಳಿ ಗೆದ್ದೆವು. ಗೆಲುವಿನ ಹೊಡೆತ ಹೊಡೆದವನು ಮೂರನೇ ಬೇಸು ಕಾಯುವ ಡೆಲ್ಬರ್ಟ್ ಹಾಸ್. ಅವನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದೆವು. ಅದೇ ಶುಕ್ರವಾರ ಲೋಟ ಬಂದು ಅವನ ಮುಂದೆ ಕೂತಿತು.

“ನಾನಿನ್ನೂ ಹೊಡೀತಾ ಇದೀನಲ್ಲ, ಸಿಲ್ವೆಸ್ಟರ್!” ಎಂದು ಡೆಲ್ಬರ್ಟ್ ಹೆಚ್ಚುಕಡಿಮೆ ಅತ್ತೇಬಿಟ್ಟ.

“ಹೌದು. ಹಾಲು ಕೊಡೋ ಹೊತ್ನಲ್ಲೇ ಹಸೂನ ಸಂತೆಗೆ ಹೊಡೀಬೇಕು. ಬತ್ತಿದ್ದನ್ನ ಯಾರು ಕೊಳ್ತಾರೆ? ಕುಡಿ.”

ಡೆಲ್ಬರ್ಟ್ ಕುಡಿದ. ಆಮೇಲೆ ಸಿಟ್ಟಿನಿಂದ ಹೆಂಡತಿಯ ಊರಾದ ಪಕ್ಕದ ಗ್ರೂನ್‌ಬಾಕಿಗೆ ಮನೆ ಬದಲಾಯಿಸಿದ.

ನನಗೂ ಬಿಯರು ಸಿಕ್ಕಿದೆ. ನಾನು ಬಲಮೂಲೆಯಲ್ಲಿ ನಿಲ್ಲುತ್ತಿದ್ದೆ, ಅಂದರೆ ಚೆಂಡು ಸಾಮಾನ್ಯವಾಗಿ ಬಾರದ ಜಾಗದಲ್ಲಿ. ಬಂದಾಗ ಅದು ನನ್ನನ್ನು ದಾಟಿ ಬೇಲಿಯಾಚೆಯ ಜೋಳದ ಹೊಲದ ಕಡೆ ಹೋಗುವುದನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವ ಭಾಗ್ಯ ನನ್ನದಾಗಿತ್ತು. ಉಳಿದವರಿಗೆಲ್ಲ ಆಟಗಳು ಮುಗಿದ ಮೇಲೆ ಬರುತ್ತಿದ್ದ ಲೋಟ ನನಗೆ ಜುಲೈ ನಡುವಿನಲ್ಲೇ ಬಂತು. “ಸೆಪ್ಟೆಂಬರ್‌ವರ್ಗೂ ಕಾಯೋಕೆ ನನ್ನ ಕೈಲಾಗ್ಲಿಲ್ಲ” ಎಂದ ಸಿಲ್ವೆಸ್ಟರ್. ಅವನ ಬಾಯಿಂದ ನನಗಾಗಿ ಬಂದ ಅತಿ ಉದ್ದದ ಮಾತು ಅದು. ಅಂದಿನಿಂದ ನಾನು ಬ್ಯಾಟು ಬಿಟ್ಟು ಮೈಕು ಹಿಡಿದಿದ್ದೇನೆ. ಮೈದಾನದ ಗೂಡಿನಲ್ಲಿ ಕೂತು ಆಟಗಾರರ ಹೆಸರು ಕೂಗುವುದು ನನ್ನ ಕೆಲಸ.

ನಾವು ಗೆಲ್ಲುತ್ತಲೇ ಇದ್ದೆವು. ಸಂಬಳವಿಲ್ಲದ ಆಟ, ಹಗಲೆಲ್ಲ ಹಾಲು ಕರೆದು, ಕೋಳಿಗೆ ಮೇವು ಹಾಕಿ, ಸಂಜೆ ಬಂದು ಆಡುವವರು. ಆದರೂ ಊರಿನ ನೀರಿನ ಟ್ಯಾಂಕಿನ ಮೇಲೆ ಗೆದ್ದ ವರ್ಷಗಳನ್ನು ಬರೆಯಲು ಜಾಗ ಸಾಲದೆ ಊರಿನ ಹೆಸರನ್ನು ಸಣ್ಣಕ್ಷರಕ್ಕೆ ಇಳಿಸಬೇಕಾಯಿತು. ಯಾಕೆ ಗೆಲ್ಲುತ್ತೇವೆ ಎಂಬುದಕ್ಕೆ ಪ್ರತಿಯೊಬ್ಬನ ಬಳಿಯೂ ವಿವರಣೆ ಇತ್ತು. ಪಾದ್ರಿ ತಾನು ಮೇ ತಿಂಗಳಲ್ಲಿ ಮೈದಾನಕ್ಕೆ ಚಿಮುಕಿಸುವ ಪವಿತ್ರ ಜಲದಿಂದ ಎಂದ. ಬೇಕರಿಯವನು ತನ್ನ ಕಪ್ಪು ಬ್ರೆಡ್ಡಿನಿಂದ ಎಂದ. ಜರ್ಮನ್ ರಕ್ತ ಎಂದು ಬಹಳ ಜನ ಹೇಳಿದರು. ಸೋಲುತ್ತಿದ್ದ ಗ್ರೂನ್‌ಬಾಕಿನವರ ಮೈಯಲ್ಲಿ ಹರಿಯುತ್ತಿದ್ದದ್ದೂ ಅದೇ ರಕ್ತ ಎಂಬುದು ಯಾರಿಗೂ ಹೊಳೆಯಲಿಲ್ಲ. ಪಟ್ಟಣದಿಂದ ಬಂದ ಪತ್ರಿಕೆಯವನೊಬ್ಬ ‘ಪರಂಪರೆ’ ಎಂದು ಬರೆದ. ಆ ಪದ ಎಲ್ಲರಿಗೂ ಹಿಡಿಸಿತು. ಪರಂಪರೆ ಎಂದರೆ ಯಾರೂ ಏನೂ ಮಾಡಬೇಕಾಗಿಲ್ಲವಲ್ಲ. ನಾನೂ ಮೈಕಿನಲ್ಲಿ ದಿನಕ್ಕೆರಡು ಸಲ ಹೇಳತೊಡಗಿದೆ. ಬೆನ್ನ ಹಿಂದೆ ಇನ್ನೊಬ್ಬ ಕೈಗವಸು ಹಾಕಿಕೊಂಡು ಕಾಯುತ್ತಿದ್ದಾನೆಂದು ಗೊತ್ತಿದ್ದ ಕಾರಣಕ್ಕೇ ನಮ್ಮವರು ಹೆಣ ಬೀಳುವಂತೆ ಓಡುತ್ತಿದ್ದರೆಂದು ಒಪ್ಪಿಕೊಳ್ಳಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ.

ಇನ್ನು ಲಿಯಾಂಡರ್ ವೋಲ್ಕರನ ಕಥೆ. ನಾನು ಬರೆಯಲು ಕೂತದ್ದು ಅವನನ್ನು.

ಲಿಯಾಂಡರ್ ಮನೆಮನೆಗೆ ಗ್ಯಾಸು ತುಂಬಿಸುವ ಲಾರಿಯ ಡ್ರೈವರು. ಎತ್ತರದ ಆಳು, ಚೆಂದದ ಮುಖ, ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನು. ನ್ಯಾಯವಾಗಿ ಹೇಳಬೇಕೆಂದರೆ ಕೆಲವು ಬೇಸಿಗೆ ಅವನು ನಿಜಕ್ಕೂ ಚೆನ್ನಾಗಿ ಎಸೆದ. ಅವನ ಚೆಂಡು ಬ್ಯಾಟಿನ ಹತ್ತಿರ ಬಂದು, ಮನಸ್ಸು ಬದಲಾಯಿಸಿದ ಹೆಂಗಸಿನ ಹಾಗೆ ಪಕ್ಕಕ್ಕೆ ಸರಿಯುತ್ತಿತ್ತು. ತೊಂದರೆ ಇದ್ದದ್ದು ಅವನು ತನ್ನ ತೋಳಿನ ಬಗ್ಗೆ ಮಾತಾಡುವ ರೀತಿಯಲ್ಲಿ. ಅದು ಅವನ ಮೈಗೆ ಅಂಟಿದ ಅಂಗವಾಗಿರದೆ, ಮನೆಗೆ ಬಂದಿಳಿದ ಶ್ರೀಮಂತ ಅತ್ತೆಯಾಗಿತ್ತು. “ತೋಳು ಇವತ್ತು ಖುಷಿಯಾಗಿದೆ”, “ತೋಳಿಗೆ ಯಾಕೋ ಈ ಗಾಳಿ ಒಗ್ಗಲ್ಲ”, “ತೋಳನ್ನ ಕೇಳಿ ಹೇಳ್ತೀನಿ.” ಸಿಲ್ವೆಸ್ಟರನ ಮಗಳು ವೆರೀನಾ ಅವನನ್ನು ಮದುವೆಯಾದಾಗ, ಅವಳು ತೋಳನ್ನು ಮದುವೆಯಾದಳು, ಉಳಿದದ್ದು ಬಳುವಳಿಯಾಗಿ ಬಂತು ಎಂದು ಊರು ಆಡಿಕೊಂಡಿತು.

ವರ್ಷಗಳು ಕಳೆದವು. ತೋಳೆಂಬ ಆ ಅತ್ತೆಗೆ ವಯಸ್ಸಾಯಿತು. ಪಕ್ಕಕ್ಕೆ ಸರಿಯುತ್ತಿದ್ದ ಚೆಂಡು ನೇರವಾಗಿ, ಸೌಜನ್ಯದಿಂದ, ಬ್ಯಾಟಿಗೆ ಬಂದು ತಗಲತೊಡಗಿತು. ಆ ವರ್ಷವೂ ನಾವು ಗೆದ್ದೆವು, ಆದರೆ ಲಿಯಾಂಡರ್ ಎಸೆಯದ ದಿನಗಳಲ್ಲಿ ಗೆದ್ದೆವು. ಶುಕ್ರವಾರ ಬಂತು. ಸಿಲ್ವೆಸ್ಟರ್ ಎರಡು ಲೋಟ ತುಂಬಿಸಿಕೊಂಡು ಹೊರಟ. ಹಾಡಿನ ಪೆಟ್ಟಿಗೆಯ ಪಕ್ಕದಲ್ಲಿ ಅವನು ಎಡಕ್ಕೆ ತಿರುಗಿದಾಗ ಯಾವ ಮೇಜಿಗೆ ಹೋಗುತ್ತಿದ್ದಾನೆಂದು ಎಲ್ಲರಿಗೂ ತಿಳಿಯಿತು. ಆ ಕಡೆ ಇದ್ದದ್ದು ಅಳಿಯನ ಮೇಜೊಂದೇ. ವೆರೀನಾ ಕೈಯಲ್ಲಿದ್ದ ಮುಳ್ಳುಚಮಚ ಕೆಳಗಿಟ್ಟಳು. ಲಿಯಾಂಡರನ ಮುಖ ಹಿಟ್ಟಿನಂತಾಯಿತು.

ಅಲ್ಲೇ ಸಿಲ್ವೆಸ್ಟರ್ ನಿಂತ. ಏನೋ ಮರೆತವನಂತೆ ಹುಬ್ಬು ಗಂಟಿಕ್ಕಿದ. ಮೊದಲು ಒಂದು ಲೋಟ ಬಿತ್ತು, ಆಮೇಲೆ ಇನ್ನೊಂದು, ಆಮೇಲೆ ಅವನು.

ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತು ಹೋಯಿತು. ಆಸ್ಪತ್ರೆಯ ಪಡಸಾಲೆಯಲ್ಲಿ, ಮಂಡಿಯ ಹತ್ತಿರ ಬಿಯರಿನಿಂದ ನೆನೆದ ಪ್ಯಾಂಟಿನಲ್ಲೇ ನಿಂತು, ಲಿಯಾಂಡರ್ ಮೊದಲ ಸಲ ಆ ಮಾತು ಹೇಳಿದ:

“ಮಾವ ನನಗೆ ತಂಡ ಒಪ್ಪಿಸೋಕೆ ಬರ್ತಾ ಇದ್ರು. ಪಾಪ, ಕೊನೇ ಹೆಜ್ಜೆ ಇಡೋಕಾಗ್ಲಿಲ್ಲ.”

ಆಸ್ಪತ್ರೆಯ ಪಡಸಾಲೆಯಲ್ಲಿ ಅಳುತ್ತಿರುವವನಿಗೆ ಯಾರು ಎದುರು ಹೇಳುತ್ತಾರೆ? ಎರಡನೇ ಸಲ ಚರ್ಚಿನ ಮೆಟ್ಟಿಲ ಮೇಲೆ ಹೇಳಿದ, ಮೂರನೇ ಸಲ ಪತ್ರಿಕೆಯವನಿಗೆ. ಮುಂದಿನ ವಸಂತದ ಹೊತ್ತಿಗೆ ಅದು ಊರಿನ ಇತಿಹಾಸವಾಗಿತ್ತು, ಲಿಯಾಂಡರ್ ಮ್ಯಾನೇಜರಾಗಿದ್ದ.

ನಾವೇನು ಅಷ್ಟೂ ಜನ ಮೂರ್ಖರೇ? ಅಲ್ಲ. ಮೂರ್ಖರಾಗಿದ್ದರೆ ಕ್ಷಮಿಸಬಹುದಿತ್ತು. ಆ ಲೋಟದ ಅರ್ಥ ಬರ್ನಿಸಳ ಬೆಕ್ಕಿಗೂ ಗೊತ್ತಿತ್ತು. ಆದರೆ ಮೂವತ್ತು ದಾಟಿದ ಪ್ರತಿ ಆಟಗಾರನೂ ಲೆಕ್ಕ ಹಾಕಿದ್ದ: ಆ ಬಿಯರು ನೆಲಕ್ಕೆ ಚೆಲ್ಲಿತು ಎಂದರೆ ಇನ್ನು ನನಗೂ ಬರುವುದಿಲ್ಲ. ಆದ್ದರಿಂದ ಎಲ್ಲರೂ ತಲೆಯಾಡಿಸಿ, “ಹೌದು ಹೌದು, ಒಪ್ಪಿಸೋಕೇ ಬರ್ತಿದ್ದ” ಎಂದರು. ನಾನು ಅದನ್ನು ಮೈಕಿನಲ್ಲಿ ಹೇಳಿದೆ, ಗಂಟಲು ಗದ್ಗದ ಮಾಡಿಕೊಂಡು.

ಲಿಯಾಂಡರನ ಮೊದಲ ಕೆಲಸ, ಪ್ರತಿ ಆಟದ ನಂತರ ಎಲ್ಲರಿಗೂ ಬಿಯರು ಕೊಡಿಸುವುದು. ಗೆದ್ದರೂ ಬಿಯರು, ಸೋತರೂ ಬಿಯರು. “ನಾವು ಒಂದು ಕುಟುಂಬ ಕಣ್ರೋ” ಎನ್ನುತ್ತಿದ್ದ. ನಿಜ. ಕುಟುಂಬದಲ್ಲಿ ಬಗ್ಗಲಾಗದ ಚಿಕ್ಕಪ್ಪನನ್ನು ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಅವನನ್ನು ಮೂರನೇ ಬೇಸಿನಲ್ಲೂ ನಿಲ್ಲಿಸುವುದಿಲ್ಲ. ನಾವು ನಿಲ್ಲಿಸಿದೆವು. ಅವನ ಹೆಸರು ನಾರ್ಬರ್ಟ್. ಅವನ ಮಂಡಿಗಳು ಮಡಚುವಾಗ ಹಳೇ ಕೊಟ್ಟಿಗೆಯ ಬಾಗಿಲಿನ ಸದ್ದು ಬರುತ್ತಿತ್ತು. ಗೂಡಿನಲ್ಲಿದ್ದ ನನಗೂ ಕೇಳುತ್ತಿತ್ತು.

ಮೊದಮೊದಲು ಗೆದ್ದೆವು. ಸಿಲ್ವೆಸ್ಟರ್ ಆರಿಸಿಟ್ಟ ಹುಡುಗರ ಕಾಲಿನಲ್ಲಿ ಇನ್ನೂ ಕಸುವಿತ್ತು. ಲಿಯಾಂಡರ್ ಅದನ್ನು ತನ್ನ ಪ್ರೀತಿಯ ಫಲ ಎಂದುಕೊಂಡ. ಊರ ಬಾಗಿಲಿನಲ್ಲಿ ‘ವಿಜೇತರ ಊರು’ ಎಂಬ ಫಲಕ ಹಾಕಿಸಿದ. ಮೈದಾನದ ಗೋಡೆಗೆ ಪ್ರತಿಯೊಬ್ಬ ಆಟಗಾರನ ಚಿತ್ರ ಬರೆಸಿದ. ಚಿತ್ರ ಬರೆದ ಮೇಲೆ ಆ ಮನುಷ್ಯನನ್ನು ತೆಗೆಯುವುದು ಹೇಗೆ? ಗೋಡೆಗೆ ಮತ್ತೆ ಸುಣ್ಣ ಹೊಡೆಯಬೇಕಾಗುತ್ತದಲ್ಲ!

ತಂಡ ಕುಸಿಯುತ್ತಿದೆ ಎಂದು ನಮ್ಮಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ವೆರೀನಾಗೆ. ಮೈದಾನದ ಅಡುಗೆಕೋಣೆಯಲ್ಲಿ ಸಾಸೇಜು ಹುರಿಯುವುದರ ಜೊತೆಗೆ ತಂಡದ ಸಮವಸ್ತ್ರ ರಿಪೇರಿಯೂ ಅವಳದೇ. ಪ್ರತಿ ಚಳಿಗಾಲ ಅವಳು ಒಂಬತ್ತು ಜನರ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡಬೇಕಾಗುತ್ತಿತ್ತು.

“ಈ ಬಟ್ಟೆ ಒಗೆದ್ರೆ ಕುಗ್ಗತ್ತೆ ಕಣೇ” ಎಂದ ಲಿಯಾಂಡರ್ ಒಮ್ಮೆ, ನನ್ನೆದುರಿಗೇ.

“ಬರೀ ಸೊಂಟದ ಹತ್ರ ಕುಗ್ಗೋ ಬಟ್ಟೆ ನಾನು ಇದೇ ಮೊದ್ಲು ನೋಡ್ತಿರೋದು” ಎಂದಳು ಅವಳು, ಬಾಯಲ್ಲಿ ಕಚ್ಚಿದ್ದ ಸೂಜಿ ತೆಗೆಯದೆ.

ಸಿಲ್ವೆಸ್ಟರನನ್ನು ಗಾಲಿಕುರ್ಚಿಯಲ್ಲಿ ತಂದು ಚೆಂಡು ತಡೆಯುವ ಬಲೆಯ ಹಿಂದೆ ಕೂರಿಸುತ್ತಿದ್ದರು. ಮಡಿಲಿಗೆ ಕಂಬಳಿ, ತಲೆಗೆ ತಂಡದ ಟೋಪಿ. ಲಿಯಾಂಡರ್ ಮೈದಾನದ ನಡುವಿನ ದಿಬ್ಬ ಹತ್ತಿ ಎಸೆಯಲು ನಿಂತಾಗಲೆಲ್ಲ ಮುದುಕ ಬಲಗೈಯನ್ನು ಎತ್ತುತ್ತಿದ್ದ, ಏನನ್ನೋ ಹಿಡಿದಂತೆ ಬೆರಳು ಬಾಗಿಸಿ ಮುಂದೆ ಚಾಚುತ್ತಿದ್ದ, ಗಂಟಲಿನಿಂದ ಗೊರಗೊರ ಸದ್ದು ಮಾಡುತ್ತಿದ್ದ.

“ನೋಡ್ರೋ, ಮಾವ ನನಗೆ ಶುಭ ಕೋರ್ತಿದಾರೆ!” ಎಂದು ಲಿಯಾಂಡರ್ ಟೋಪಿ ತೆಗೆದು ನಮಸ್ಕರಿಸುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮುದುಕನ ಮುಖ ಬೀಟ್ರೂಟಿನ ಬಣ್ಣಕ್ಕೆ ತಿರುಗುತ್ತಿತ್ತು. ಅದು ಆನಂದ ಎಂದು ನಾನು ಮೈಕಿನಲ್ಲಿ ತಿಳಿಸುತ್ತಿದ್ದೆ.

ಅದೇ ಆನಂದದಲ್ಲಿ ಅವನು ಒಂದು ಏಪ್ರಿಲಿನಲ್ಲಿ ತೀರಿಕೊಂಡ. ಶವಸಂಸ್ಕಾರದಲ್ಲಿ ಲಿಯಾಂಡರ್ ಮಾತಾಡಿ, ಕೈಯಲ್ಲಿ ಲೋಟ ಹಿಡಿದು ತನಗೆ ತಂಡ ಒಪ್ಪಿಸಲು ಬಂದ ಮಾವನ ಕಥೆಯನ್ನು ಮತ್ತೊಮ್ಮೆ ಹೇಳಿದ. ಅಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದಿದ್ದವು. ಮುದುಕ ಬೀಳುವ ಮುಂಚೆ “ಮಗನೇ” ಎಂದನಂತೆ. ಸಿಲ್ವೆಸ್ಟರ್ ತನ್ನ ಸ್ವಂತ ಕರುಗಳನ್ನೂ ಹಾಗೆ ಕರೆದವನಲ್ಲ. ವೆರೀನಾ ಮೊದಲ ಸಾಲಿನಲ್ಲಿ ಕೂತು ಗಂಡನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅದು ದುಃಖ ಎಂದು ನಾವೆಲ್ಲ ಅಂದುಕೊಂಡೆವು. ನಮ್ಮ ಅಂದಾಜುಗಳ ಗುಣಮಟ್ಟ ನಿಮಗೀಗ ಗೊತ್ತಾಗಿರಬೇಕು.

ತಂಡ ರಾಜ್ಯ ಪಂದ್ಯಾವಳಿಯ ಮುಖ ಕಾಣದೆ ಕೆಲವು ವರ್ಷಗಳಾಗಿದ್ದವು. ಅತ್ತ ಗ್ರೂನ್‌ಬಾಕಿಗೆ ಡೆಲ್ಬರ್ಟ್ ಹಾಸ್ ಮ್ಯಾನೇಜರಾಗಿದ್ದ, ಪ್ರತಿ ವರ್ಷ ಗೆಲ್ಲುತ್ತಿದ್ದ. ಅವನು ಅಲ್ಲಿ ಶುಕ್ರವಾರದ ಮೀನೂಟಕ್ಕೆ ಎರಡು ಲೋಟ ಹಿಡಿದು ನಡೆಯುತ್ತಾನಂತೆ ಎಂಬ ಸುದ್ದಿ ಬಂದಾಗ ನಮ್ಮವರು, “ಕಲ್ಲು ಹೃದಯದವ್ನು” ಎಂದು ಬೈದರು. ಬೈದು ಇನ್ನೊಂದು ಸುತ್ತು ಬಿಟ್ಟಿ ಬಿಯರು ಕುಡಿದರು.

ನಮ್ಮಲ್ಲೂ ಹೊಸಬರಿರಲಿಲ್ಲ ಎಂದಲ್ಲ. ಟರ್ಕಿ ಕೋಳಿ ಸಾಕುವ ಕಾಶ್ ಮನೆತನದ ಬ್ರೋಡಿ ಇದ್ದ. ಅವನು ಎಸೆದ ಚೆಂಡು ಕ್ಯಾಚರನ ಕೈಗವಸಿಗೆ ಬಡಿದರೆ ಪಾರ್ಕಿಂಗಿನಲ್ಲಿದ್ದ ನಾಯಿಗಳು ಬೊಗಳುತ್ತಿದ್ದವು. ಅಂಥವನನ್ನು ಲಿಯಾಂಡರ್ ಬೆಂಚಿನ ಮೇಲೆ ಕೂರಿಸಿದ್ದ. “ನೋಡ್ತಾ ಕಲೀಬೇಕಪ್ಪ. ತೋಳು ಹೇಗೆ ಯೋಚನೆ ಮಾಡತ್ತೆ ನೋಡು” ಎನ್ನುತ್ತಿದ್ದ. ಬ್ರೋಡಿ ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗಿಯುತ್ತಾ ನೋಡುತ್ತಿದ್ದ. ಅವನ ಕಾಲ ಬಳಿಯ ಸಿಪ್ಪೆಯ ಗುಡ್ಡೆ ವರ್ಷದಿಂದ ವರ್ಷಕ್ಕೆ ದಿಬ್ಬದಷ್ಟೇ ಎತ್ತರ ಬೆಳೆಯುತ್ತಿತ್ತು.

ಕಳೆದ ಆಗಸ್ಟಿನಲ್ಲಿ, ಗ್ರೂನ್‌ಬಾಕಿನ ಮೇಲಿನ ನಿರ್ಣಾಯಕ ಪಂದ್ಯದ ಸಂಜೆ, ಬ್ರೋಡಿ ಅಡುಗೆಕೋಣೆಯ ಕಿಟಕಿಗೆ ಬಂದ. ಗೆದ್ದವರು ರಾಜ್ಯ ಪಂದ್ಯಾವಳಿಗೆ, ಸೋತವರು ಮನೆಗೆ. ನಾನು ಆಗಷ್ಟೇ ಸಾಸೇಜು ತೆಗೆದುಕೊಂಡು ಸಾಸಿವೆ ಸವರುತ್ತಾ ಪಕ್ಕದಲ್ಲೇ ನಿಂತಿದ್ದೆ.

“ಮಿಸೆಸ್ ವೋಲ್ಕರ್, ನಿಮಗೆ ಮೊದ್ಲು ಹೇಳೋಣ ಅಂತ ಬಂದೆ” ಎಂದ. “ಇವತ್ತು ನನ್ನ ಕೈಗೆ ಚೆಂಡು ಕೊಟ್ರೆ ಸರಿ. ಇಲ್ದಿದ್ರೆ ಮುಂದಿನ ವರ್ಷ ಗ್ರೂನ್‌ಬಾಕು. ನಾನೊಬ್ನೇ ಅಲ್ಲ, ಕಿರಿಯರೆಲ್ಲ.”

“ಕಿರಿಯರೆಲ್ಲ ಅಂದ್ರೆ?”

“ಮಂಡಿ ಮಡಚೋಕೆ ಬರೋರೆಲ್ಲ.”

ವೆರೀನಾ ಈರುಳ್ಳಿ ತಿರುವುವುದನ್ನು ನಿಲ್ಲಿಸಿದಳು. “ನೀವು ಹೋದ್ರೆ ತಂಡದಲ್ಲಿ ಒಂಬತ್ತು ಜನ ಉಳಿಯಲ್ಲ ಕಣಪ್ಪ. ಅಪ್ಪನ ತಂಡಾನೇ ಮುಚ್ಚಿಹೋಗತ್ತೆ.”

“ಹೌದು, ಗೊತ್ತು. ಅದಕ್ಕೇ ಹೇಳ್ತಿರೋದು. ಅವ್ರಿಗೆ ಹೇಳಿದ್ರೆ ತೋಳನ್ನ ಕೇಳ್ತೀನಿ ಅಂತಾರೆ.”

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಸೀದಾ ಗಂಡನ ಹತ್ತಿರ ಹೋದಳು. ಅವನು ಬೇಲಿಯ ಪಕ್ಕ ತೋಳಿಗೆ ಮುಲಾಮು ತಿಕ್ಕುತ್ತಿದ್ದ. ಆ ಮುಲಾಮಿನ ವಾಸನೆಗೆ ನೊಣಗಳೂ ದೂರ ಹಾರುತ್ತಿದ್ದವು.

“ಲಿಯಾಂಡರ್, ಇವತ್ತು ಬ್ರೋಡಿ ಎಸೀಲಿ.”

“ಇದು ದೊಡ್ಡ ಪಂದ್ಯ ಕಣೇ. ದೊಡ್ಡ ಪಂದ್ಯ ಅಂದ್ರೆ ತೋಳಿಗೆ ಗೊತ್ತಾಗತ್ತೆ.”

“ಬಿಟ್ಟು ಹೋಗ್ತಾರಂತೆ. ಅವ್ನು, ಉಳಿದ ಹುಡುಗ್ರು, ಎಲ್ಲ.”

ಲಿಯಾಂಡರ್ ನಕ್ಕ. “ಎಲ್ಲಿಗೆ ಹೋಗ್ತಾರೆ? ಕುಟುಂಬ ಬಿಟ್ಟು ಯಾರಾದ್ರೂ ಹೋಗ್ತಾರಾ? ಬಿಯರು ಹೇಳು, ಎಲ್ಲರಿಗೂ. ಗೆದ್ದ ಮೇಲೆ.”

ಆ ಪಂದ್ಯವನ್ನು ವರ್ಣಿಸುವುದು ನನಗೆ ಕಷ್ಟ. ಅಂದು ಮೈಕಿನಲ್ಲೂ ಕಷ್ಟವಾಗಿತ್ತು. ಗ್ರೂನ್‌ಬಾಕಿನವರು ಲಿಯಾಂಡರನ ಚೆಂಡುಗಳನ್ನು ಮದುವೆ ಮನೆಯಲ್ಲಿ ಸಿಹಿ ಹಂಚಿದಂತೆ ಮೈದಾನದ ಎಲ್ಲ ಮೂಲೆಗಳಿಗೂ ಹಂಚಿದರು. ನಾರ್ಬರ್ಟನ ಕಡೆಗೆ ಹೋದವು ನಾರ್ಬರ್ಟನನ್ನು ದಾಟಿ ಹೋದವು. ಅವನು ಬಗ್ಗಲು ಶುರು ಮಾಡುವಷ್ಟರಲ್ಲಿ ಓಟಗಾರ ಬೇಸುಗಳ ಸುತ್ತು ಮುಗಿಸಿರುತ್ತಿದ್ದ. ಬಲಮೂಲೆಯಲ್ಲಿ ನಿಂತವನು ಚೆಂಡು ಜೋಳದ ಹೊಲಕ್ಕೆ ಹೋಗುವುದನ್ನು ನೋಡುತ್ತಿದ್ದ ಭಂಗಿ ನನಗೆ ಎಲ್ಲೋ ನೋಡಿದಂತಿತ್ತು. ಪ್ರತಿ ಹೊಡೆತಕ್ಕೂ ಲಿಯಾಂಡರ್ ತನ್ನ ತೋಳಿನ ಕಡೆ, ಮಾತು ಕೊಟ್ಟು ತಪ್ಪಿದ ನೆಂಟನನ್ನು ನೋಡುವಂತೆ ನೋಡುತ್ತಿದ್ದ. ಆದರೆ ದಿಬ್ಬ ಇಳಿಯಲಿಲ್ಲ.

ಪಂದ್ಯ ಸತ್ತು ತಣ್ಣಗಾದ ಮೇಲೆ ಚೆಂಡನ್ನು ಬ್ರೋಡಿಗೆ ಕೊಟ್ಟು, “ತಗೊಳಪ್ಪ, ನಿನಗೂ ಸ್ವಲ್ಪ ಅಭ್ಯಾಸ ಆಗ್ಲಿ” ಎಂದ. ಬ್ರೋಡಿ ದಿಬ್ಬ ಹತ್ತಿದ. ಬಂದವರನ್ನೆಲ್ಲ, ಒಬ್ಬರ ಹಿಂದೊಬ್ಬರನ್ನು, ಬ್ಯಾಟಿಗೆ ಗಾಳಿ ಮಾತ್ರ ತಾಗಿಸಿ ವಾಪಸ್ ಕಳಿಸಿದ. ನಾಯಿಗಳು ಬೊಗಳಿದವು. ಪ್ರಯೋಜನವಿರಲಿಲ್ಲ. ಗ್ರೂನ್‌ಬಾಕಿನವರ ಬೆಂಚಿನಲ್ಲಿ ಡೆಲ್ಬರ್ಟ್ ಮಾತ್ರ ಮುಂದಕ್ಕೆ ಬಾಗಿ ನೋಡುತ್ತಿದ್ದ.

ನಮ್ಮ ಕಡೆ ಒಂದು ಪದ್ಧತಿ ಇದೆ. ರಾಜ್ಯ ಪಂದ್ಯಾವಳಿಗೆ ಹೋಗುವ ತಂಡ, ಸೋತ ತಂಡಗಳಿಂದ ಮೂವರು ಪಿಚರುಗಳನ್ನು ಆರಿಸಿಕೊಂಡು ಜೊತೆಗೆ ಕರೆದೊಯ್ಯಬಹುದು. ನಾವು ಗೆಲ್ಲುತ್ತಿದ್ದ ಕಾಲದಲ್ಲಿ ಗ್ರೂನ್‌ಬಾಕಿನವರನ್ನು ಹೀಗೆ, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವಂತೆ ನೋಡಿ ಆರಿಸುತ್ತಿದ್ದೆವು. ಈಗ ಆರಿಸುವವನು ಡೆಲ್ಬರ್ಟ್.

ಶುಕ್ರವಾರ ಬರ್ನಿಸಳ ಪಡಖಾನೆಗೆ ಲಿಯಾಂಡರ್ ಬಂದದ್ದು ಆಟದ ಚೀಲದೊಂದಿಗೆ. ಬೂಟುಗಳಿಗೆ ಹೊಳಪು ಹಾಕಿದ್ದ.

“ಏನಯ್ಯಾ ಚೀಲ?” ಎಂದೆ.

“ಡೆಲ್ಬರ್ಟ್ ಬರ್ತಾನಲ್ಲ. ಅನುಭವ ಇರೋ ತೋಳು ಬೇಕೇಬೇಕು ಅವ್ನಿಗೆ. ಹಳೇ ಗೆಳೆಯ ಬೇರೆ. ಕರೆದ್ರೆ ಇಲ್ಲ ಅನ್ನೋಕಾಗತ್ತಾ?”

“ಮೊನ್ನೆ ಅವ್ರೇ ತಾನೇ ನಿನ್ನನ್ನ ಹೊಡೆದದ್ದು?”

“ಅದಕ್ಕೇ! ನನ್ನ ಎದುರು ನಿಂತು ನೋಡಿದಾರಲ್ಲ!”

ಮನುಷ್ಯನ ತಲೆಯಲ್ಲಿ ಇಂಥ ಉತ್ತರಗಳು ತಯಾರಾಗುವ ಕಾರ್ಖಾನೆ ಎಲ್ಲಿದೆಯೋ ನನಗೆ ಗೊತ್ತಿಲ್ಲ. ನನ್ನಲ್ಲೂ ಅದರ ಒಂದು ಶಾಖೆ ಇದೆ. ಆದರೆ ಅದು ನಷ್ಟದಲ್ಲಿ ನಡೆಯುತ್ತದೆ.

ಡೆಲ್ಬರ್ಟ್ ಬಂದ. ತಲೆಗೂದಲು ಉದುರಿತ್ತು, ನಡಿಗೆ ಮಾತ್ರ ಸಿಲ್ವೆಸ್ಟರನದೇ. ಲಿಯಾಂಡರ್ ಎದ್ದು ನಿಂತು ಕೈ ಚಾಚಿದ. ಡೆಲ್ಬರ್ಟ್ ಕೈ ಕುಲುಕಿದ, “ಚೆನ್ನಾಗಿದೀಯಾ ಲಿಯಾಂಡರ್” ಎಂದ, ಅವನನ್ನು ದಾಟಿ ಹಿಂದಿನ ಮೇಜಿಗೆ ಹೋಗಿ ಬ್ರೋಡಿಯ ಹೆಗಲು ತಟ್ಟಿದ.

“ನಾಳೆ ಬೆಳಿಗ್ಗೆ ಅಭ್ಯಾಸಕ್ಕೆ ಬಾಪ್ಪ. ಟೋಪಿ ನಾವು ಕೊಡ್ತೀವಿ.”

ಲಿಯಾಂಡರ್ ನಿಂತೇ ಇದ್ದ. “ಒಬ್ನಾಯ್ತು. ಇನ್ನಿಬ್ರು ಬೇಕಲ್ಲ ನಿನಗೆ?”

“ಸಿಕ್ಕಿದಾರೆ. ಬೇರೆ ಊರಲ್ಲಿ.” ಡೆಲ್ಬರ್ಟ್ ಚೀಲ ನೋಡಿದ, ಹೊಳೆಯುವ ಬೂಟು ನೋಡಿದ. ಟೋಪಿ ಹಾಕಿಕೊಂಡು ಹೊರಟುಹೋದ. ಬೈದಿದ್ದರೆ ಎಷ್ಟೋ ಮರ್ಯಾದೆಯಾಗಿರುತ್ತಿತ್ತು.

ಬಾಗಿಲು ಮುಚ್ಚಿದ್ದೇ ತಡ, ಲಿಯಾಂಡರ್ ಚೇತರಿಸಿಕೊಂಡ. “ಹೆದರಿಕೆ ಕಣ್ರೋ! ನಾನು ಹೋದ್ರೆ ಅಲ್ಲಿ ಮ್ಯಾನೇಜರು ಯಾರು ಅನ್ನೋ ಪ್ರಶ್ನೆ ಬರತ್ತಲ್ಲ. ಹೋಗ್ಲಿ ಬಿಡಿ. ಮುಂದಿನ ವರ್ಷ ನೋಡ್ಕೊಳ್ಳೋಣ. ನಾನೇ ಶುರು ಮಾಡ್ತೀನಿ, ನಾನೇ ಮುಗಿಸ್ತೀನಿ. ಇದೇ ತಂಡ, ಒಬ್ರೂ ಬದಲಿಲ್ಲ!”

“ಒಬ್ರೂ ಬದಲಿಲ್ಲ!” ಎಂದು ನಾರ್ಬರ್ಟ್ ಮೇಜು ಗುದ್ದಿದ. ಉಳಿದವರೂ ಗುದ್ದಿದರು. ಮೀನಿನ ತಟ್ಟೆಗಳು ಕುಣಿದವು. ಹಿಂದಿನ ಮೇಜಿನಲ್ಲಿ ಬ್ರೋಡಿ ಮತ್ತು ಅವನ ಜೊತೆಗಾರರು ಜಾಕೆಟ್ಟು ತೊಡತೊಡಗಿದರು.

ವೆರೀನಾ ಎದ್ದಳು. ಯಾರೂ ಗಮನಿಸಲಿಲ್ಲ, ಬಿಲ್ಲು ಕೊಡಲು ಹೋಗುತ್ತಿದ್ದಾಳೆ ಎಂದುಕೊಂಡೆವು. ಕಟ್ಟೆಯ ಹತ್ತಿರ ಅವಳು ಬರ್ನಿಸಳಿಗೆ ಏನೋ ಹೇಳಿದಳು. ಬರ್ನಿಸ್ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಎರಡು ಲೋಟ ತುಂಬಿಸಿದಳು.

ಮೊದಲು ಸುಮ್ಮನಾದದ್ದು ಮುದುಕರ ಮೇಜು. ಆಮೇಲೆ ಒಂದೊಂದಾಗಿ ಉಳಿದವು. ಎರಡು ಕೈಯಲ್ಲಿ ಎರಡು ಲೋಟ ಹಿಡಿದು ವೆರೀನಾ ಮೇಜುಗಳ ನಡುವೆ ನಡೆದು ಬಂದಳು, ಅಪ್ಪನ ನಿಧಾನದಲ್ಲೇ. ಹಾಡಿನ ಪೆಟ್ಟಿಗೆಯ ಪಕ್ಕ ಎಡಕ್ಕೆ ತಿರುಗಿದಳು. ಸಿಲ್ವೆಸ್ಟರ್ ಬಿದ್ದ ಜಾಗ ದಾಟಿದಳು. ನಾರ್ಬರ್ಟ್ ತಟ್ಟೆಗೆ ಮುಖ ಬಗ್ಗಿಸಿ ಮುಳ್ಳು ಹುಡುಕತೊಡಗಿದ. ನಾನೂ.

ಲೋಟ ಲಿಯಾಂಡರನ ಮುಂದೆ ಕೂತಿತು.

“ಕುಡಿ” ಎಂದಳು.

ಲಿಯಾಂಡರ್ ನಕ್ಕ. ಯಾರೂ ಜೊತೆಗೆ ನಗಲಿಲ್ಲವೆಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಒಬ್ಬನೇ ನಕ್ಕ. “ಏನೇ ಇದು? ಇಲ್ಲಿ ಬಿಯರು ಕೊಡಿಸೋನು ನಾನು.”

“ಇವತ್ತು ನಾನು.”

“ತಮಾಷೆ ಸಾಕು. ನಿಮ್ಮಪ್ಪ ಅವತ್ತು ನನಗೆ ತಂಡ ಒಪ್ಪಿಸೋಕೆ—”

“ಅಪ್ಪ ಜೀವಮಾನದಲ್ಲಿ ಯಾರಿಗೂ ಏನೂ ಒಪ್ಪಿಸಿದೋನಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಇಲ್ಲಿ ತಲೆ ಬಗ್ಸಿ ಕೂತಿರೋ ಈ ಧೀರರಿಗೂ ಗೊತ್ತು. ಇಷ್ಟು ವರ್ಷ ನಾನೂ ಬಾಯಿ ಮುಚ್ಕೊಂಡಿದ್ದೆ, ಗಂಡ ಅಂತ. ಸಾಕು. ಈ ಲೋಟಾನ ಅಪ್ಪ ಅಲ್ಲಿವರ್ಗೂ ತಂದಿದ್ದ. ಇಲ್ಲಿವರ್ಗೂ ನಾನು ತಂದಿದೀನಿ.”

“ಜನದ ಮುಂದೆ…” ಎಂದ ಅವನು, ಸಣ್ಣ ದನಿಯಲ್ಲಿ.

“ಎಲ್ಲರಿಗೂ ಜನದ ಮುಂದೇನೇ ಕೊಟ್ಟದ್ದು. ನೊರೆ ಇಳೀತಿದೆ. ಕುಡಿ.”

ಅವನು ಸುತ್ತ ನೋಡಿದ. ತಾನು ವರ್ಷಾನುಗಟ್ಟಲೆ ಬಿಯರು ಕುಡಿಸಿದ ಕುಟುಂಬದಲ್ಲಿ ಯಾರಾದರೂ ಒಬ್ಬ ಎದ್ದು ನಿಲ್ಲುತ್ತಾನೇನೋ ಎಂದು ಕಾದ. ಕುಟುಂಬಕ್ಕೆ ಮೀನಿನಲ್ಲಿ ವಿಪರೀತ ಆಸಕ್ತಿ ಹುಟ್ಟಿತ್ತು. ಅವನ ಕಣ್ಣು ಕೊನೆಗೆ ನನ್ನ ಮೇಲೆ ನಿಂತಿತು. ನಾನು ಬಾಯಿಗೆ ಒಂದು ದೊಡ್ಡ ತುಂಡು ತುರುಕಿಕೊಂಡೆ.

ಲಿಯಾಂಡರ್ ಎಡಗೈಯಿಂದ ಲೋಟ ಎತ್ತಿದ. ಒಂದೇ ಉಸಿರಿಗೆ ಕುಡಿದು, ಲೋಟವನ್ನು ಬೋರಲು ಹಾಕಿ, ಚೀಲ ಹೆಗಲಿಗೇರಿಸಿಕೊಂಡು ಹೊರಟ. ವೆರೀನಾ ತನ್ನ ಲೋಟ ಮುಗಿಸಿ ಹಿಂದಿನ ಮೇಜಿಗೆ ತಿರುಗಿದಳು.

“ಜಾಕೆಟ್ಟು ತೆಗೀರೋ. ಮೀನು ಆರ್ತಾ ಇದೆ” ಎಂದಳು. ಬ್ರೋಡಿ ತೆಗೆದ. ಅವನನ್ನು ನೋಡಿ ಉಳಿದವರೂ ತೆಗೆದರು.

ಈ ವರ್ಷ ಮ್ಯಾನೇಜರು ಅವಳೇ. ಕಳೆದ ಚಳಿಗಾಲ ನಾರ್ಬರ್ಟ್ ಬಿಯರಿಗೆ ಕಾಯದೆ ತಾನೇ ಮಂಡಿಗಳನ್ನು ತೆಗೆದುಕೊಂಡು ಮನೆಗೆ ಹೋದ. ಗೋಡೆಯ ಚಿತ್ರಗಳಿಗೆ ಸುಣ್ಣ ಬಿತ್ತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೂ ಹುಡುಗರು ಓಡುತ್ತಾರೆ, ಬಗ್ಗುತ್ತಾರೆ, ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ಆಗಾಗ ತಿರುಗಿ ನೋಡುತ್ತಾರೆ. ನಮ್ಮ ಊರಿನವರು ಆಗಲೇ ಇದನ್ನು ‘ಪರಂಪರೆಯ ಪುನರುಜ್ಜೀವನ’ ಎಂದು ಕರೆಯಲು ಶುರು ಮಾಡಿದ್ದಾರೆ. ಮೈಕಿನಲ್ಲಿ ಮೊದಲು ಹೇಳಿದವನು ನಾನೇ.

ಲಿಯಾಂಡರ್ ಈಗ ಬೇಲಿಯಾಚೆ, ಮಡಿಸುವ ಕುರ್ಚಿಯಲ್ಲಿ ಕೂತು ಬ್ರೋಡಿಯ ಪ್ರತಿ ಎಸೆತಕ್ಕೂ ತಲೆ ಅಲ್ಲಾಡಿಸುತ್ತಾನೆ. ಮನೆಯಲ್ಲಿ ಹೆಂಡತಿಯ ಜೊತೆ ಮಾತಿದೆ. ವೆರೀನಾ ಅವನ ಹಳೇ ಪ್ಯಾಂಟುಗಳ ಹೊಲಿಗೆ ಮತ್ತೆ ಬಿಗಿ ಮಾಡಿ ಬ್ರೋಡಿಗೆ ಕೊಟ್ಟಾಗ ಕೂಡ ಮಾತು ನಿಂತಿರಲಿಲ್ಲವಂತೆ. ಮೊನ್ನೆ ಬೇರೆ ಊರಿನಿಂದ ಆಟ ನೋಡಲು ಬಂದ ಒಬ್ಬ ಅವನ ಪಕ್ಕ ಕೂತು, “ನೀವೂ ಆಡ್ತಿದ್ರಾ?” ಎಂದು ಕೇಳಿದ. ನನ್ನ ಗೂಡಿನ ಕಿಟಕಿ ತೆರೆದಿತ್ತು, ಎಲ್ಲ ಕೇಳಿಸಿತು.

“ಆಡ್ತಿದ್ರಾ ಅಂದ್ರೆ?” ಎಂದ ಲಿಯಾಂಡರ್, ಎಡ ತೋಳನ್ನು ಬಲಗೈಯಿಂದ ಪ್ರೀತಿಯಿಂದ ಸವರುತ್ತಾ. “ಈ ಊರಲ್ಲಿ ಆಟ ಬಿಡುವಾಗ ಒಂದು ಬಿಯರು ಕೊಡೋ ಸಂಪ್ರದಾಯ ಇದೆ, ಸ್ವಾಮಿ. ಒಬ್ಬೊಬ್ರಿಗೆ ಒಂದೇ ಸಲ. ಎರಡು ಸಲ ತಂದು ಕೊಡಬೇಕಾಗಿ ಬಂದದ್ದು ನನಗೊಬ್ಬನಿಗೇ.”